ತಾನಾಗಿ ಬಂದವಳು

“ಕಡೀಗೆ ಸೇದಿದ್ದು ಯಾವಾಗ್ರಿ?”

ಹೆಣ್ಣು ನೋಡಲು ಬಂದವನ ಬಾಯಿಂದ ಹೊರಟ ಮೊದಲ ಪ್ರಶ್ನೆ ಅದು.

ಅಕ್ಷರಾ ತಾರಸಿಯ ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೆಳಗೆ ಹಾಲ್‌ನಲ್ಲಿ ಅಪ್ಪ ಉಮಾಕಾಂತ ಹುಡುಗನ ತಂದೆ-ತಾಯಿಗೆ ನಾಗಪುರದ ಬಿಸಿಲಿನ ಕಥೆ ಹೇಳುತ್ತಿದ್ದರು. “ಹುಡುಗ, ಹುಡುಗಿ ಮ್ಯಾಲೆ ಹೋಗಿ ಮಾತಾಡ್ಕೊಂಡು ಬರಲಿ” ಎಂದು ಅವ್ವ ಭಾನುಮತಿಯೇ ಇಬ್ಬರನ್ನೂ ಕಳಿಸಿದ್ದಳು.

ಏನು ಸೇದಿದ್ದು ಎಂದು ಕೇಳಬಹುದಿತ್ತು. ಸಿಟ್ಟು ಮಾಡಿಕೊಂಡು ಇಳಿದು ಹೋಗಬಹುದಿತ್ತು. ಅಕ್ಷರಾ ವಕೀಲೆ. ಸಿವಿಲ್ ಲೈನ್ಸ್‌ನ ಕೋರ್ಟಿನಲ್ಲಿ ದಿನವೂ ಮಾತಿಗೆ ಮಾತು ಜೋಡಿಸುವವಳು.

ಆದರೂ ಬಾಯಿಗೆ ಬಂದದ್ದು ನಿಜ.

“ಇವತ್ತ ಮುಂಜಾನೆ.”

ಗಿರಿಧರ ಅವಳ ಕಡೆ ತಿರುಗಿ ನೋಡಿದ. ರೈಲ್ವೆ ಎಂಜಿನಿಯರ್. ಹಳಿಗಳ ಮೇಲೆ ನಡೆದು ನಡೆದು ಕಪ್ಪಾದ ಮುಖ. ಅಪ್ಪ-ಅವ್ವನ ಜೊತೆ ಗದಗದಿಂದ ನಾಗಪುರಕ್ಕೆ ವರ್ಗವಾಗಿ ಬಂದು ವರ್ಷವಾಗಿತ್ತಷ್ಟೇ. ಅವನ ಕಣ್ಣಲ್ಲಿ ಅಸಹ್ಯ ಹುಡುಕಿದಳು ಅಕ್ಷರಾ... ಸಿಗಲಿಲ್ಲ.

“ನಿಮಗ ಹೆಂಗ ಗೊತ್ತಾತು?”

“ನಮ್ಮಣ್ಣನ ಅಂಗಿಗೂ ಇದ ವಾಸನಿ ಇರತಿತ್ತು. ಎಷ್ಟು ಸೆಂಟು ಹೊಡದ್ರೂ ಹೋಗತಿರಲಿಲ್ಲ.”

“ಕೆಳಗ ಹೋಗಿ ಹೇಳತೀರೇನು?”

“ನಾ ಯಾಕ ಹೇಳಲಿ? ಅದು ನಿಮ್ಮ ಮಾತು.” ಮೆಟ್ಟಿಲ ಕಡೆ ಹೊರಟವನು ತಿರುಗಿ ಕೇಳಿದ, “ಇನ್ನೊಮ್ಮೆ ಭೆಟ್ಟಿ ಆಗೋಣೇನು? ಮನಿ ಮಂದಿ ಇಲ್ಲದಾಗ?”

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ.

ಅಕ್ಷರಾಳಿಗೆ ಗಾಂಜಾದ ರುಚಿ ಹತ್ತಿದ್ದು ಪುಣೆಯಲ್ಲಿ, ಕಾನೂನು ಓದುವಾಗ. ಪರೀಕ್ಷೆಯ ದಿನಗಳಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ಹಾಸ್ಟೆಲ್‌ನ ಗೆಳತಿಯೊಬ್ಬಳು ಕೊಟ್ಟಳು. ಅಂದು ಎಂಥ ನಿದ್ದೆ ಬಂದಿತ್ತು ಅವಳಿಗೆ! ಊರಿಗೆ ಮರಳಿದ ಮೇಲೂ ಅದಿಲ್ಲದೆ ರಾತ್ರಿ ಸಾಗಲಿಲ್ಲ. ಆಮೇಲೆ ಬೆಳಿಗ್ಗೆಯೂ ಬೇಕಾಯಿತು. ಕುಡುಕಿಯಂತೆ ತೂರಾಡಲಿಲ್ಲ, ಕೆಲಸ ಬಿಡಲಿಲ್ಲ. ಹಾಗಾಗಿ ಅದನ್ನೊಂದು ಚಟವೆಂದು ಕರೆಯುವ ಪ್ರಸಂಗವೇ ಬಂದಿರಲಿಲ್ಲ.

ಫುಟಾಳಾ ಕೆರೆಯ ದಂಡೆಯಲ್ಲಿ ಗಿರಿಧರನಿಗೂ ಇದನ್ನೇ ಹೇಳಿದಳು.

“ಹೋಳಿ ಹಬ್ಬಕ್ಕ ಊರ ತುಂಬ ಭಾಂಗ್ ಕುಡೀತಾರ. ಇದೇನು ದೊಡ್ಡದು? ಮನಸ್ಸು ಮಾಡಿದ್ರ ನಾಳೆನ ಬಿಡತೀನಿ.”

ಗಿರಿಧರ ವಾದ ಮಾಡಲಿಲ್ಲ. ತರ್ರಿ ಪೋಹೆಯ ಖಾರದ ಅವಲಕ್ಕಿ ತಟ್ಟೆಯನ್ನು ಪಕ್ಕಕ್ಕಿಟ್ಟು ಅಣ್ಣನ ಬಗ್ಗೆ ಹೇಳಿದ.

ಅಣ್ಣ ಕೌಶಿಕ್. ಅವನ ಚಟ ಮನೆಗೆ ತಿಳಿದಾಗ ಅಪ್ಪ-ಅವ್ವ ಯಾರದೋ ಮಾತು ಕೇಳಿ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಫೋನ್ ಮಾಡಿದರು. ಜೀಪಿನಲ್ಲಿ ನಾಲ್ಕು ಜನ ಬಂದರು. ಉಣ್ಣಲು ಕೂತಿದ್ದವನನ್ನು ಎಬ್ಬಿಸಿ, ಕೈ ಹಿಡಿದು ಎಳೆದೊಯ್ದರು. ಅಲ್ಲಿ ಡಾಕ್ಟರ್ ಇರಲಿಲ್ಲ. ಬೀಗ ಇತ್ತು, ಹೊಡೆತ ಇತ್ತು. ಹೊರಬಂದ ಕೌಶಿಕ್ ಮನೆಯ ಹೊಸ್ತಿಲು ತುಳಿಯಲಿಲ್ಲ. ಈಗ ಬೆಳಗಾವಿಯಲ್ಲೊಂದು ಬೇಕರಿಯಲ್ಲಿದ್ದಾನೆ. ತಮ್ಮನಿಗೆ ಮಾತ್ರ ಯಾವಾಗಲೋ ಒಮ್ಮೆ ಫೋನ್.

“ಗಾಂಜಾ ಬಿಟ್ರೇನು?” ಅಕ್ಷರಾ ಮೆಲ್ಲಗೆ ಕೇಳಿದಳು.

“ಇಲ್ಲ. ನಮ್ಮನ್ನ ಬಿಟ್ಟ.”

ಅವಳು ತನ್ನ ತಟ್ಟೆಯನ್ನೂ ಪಕ್ಕಕ್ಕಿಟ್ಟಳು.

“ನೀವು ಬಿಟ್ಟು ನೋಡ್ರಿ,” ಅಂದ ಗಿರಿಧರ. “ಬಿಡಾಕ ಬಂದ್ರ ಚಲೋನ ಆತು. ಬರಲಿಲ್ಲಂದ್ರ ನಿಮ್ಮ ಮನಸ್ಸು ಸಣ್ಣದು ಅಂತಲ್ಲ, ಡಾಕ್ಟರ್ ಬೇಕು ಅಂತ. ಆದ್ರ ಎಲ್ಲಿಗೆ ಹೋಗಬೇಕು ಅಂತ ನೀವ ನೋಡಿ ಆರಿಸ್ರಿ. ಬ್ಯಾರೆ ಯಾರಿಗೂ ಆರಿಸಾಕ ಬಿಡಬ್ಯಾಡ್ರಿ.”

ಅಂದಿನಿಂದ ಇಬ್ಬರ ನಡುವೆ ಫೋನು ಶುರುವಾಯಿತು. ಎರಡೂ ಮನೆಯವರಿಗೆ “ಇನ್ನೂ ಸ್ವಲ್ಪ ಯೋಚನಿ ಮಾಡತೀವಿ” ಎಂದು ಹೇಳಿಟ್ಟರು. ಅವನ ದನಿ ಕೇಳಿದರೆ ಅಕ್ಷರಾಳ ಎದೆಯೊಳಗಿನ ಗಂಟೊಂದು ಸಡಿಲಾಗುತ್ತಿತ್ತು.

ಮತ್ತು ಅವಳು ಸೇದುವುದನ್ನು ಬಿಟ್ಟಳು.

ಮೊದಲ ದಿನ ಹೆಮ್ಮೆ. ಎರಡನೆಯ ದಿನ ನಿದ್ದೆಯಿಲ್ಲ. ಆಮೇಲೆ ಮೈಯೆಲ್ಲ ಬೆವರು, ಅನ್ನ ಕಂಡರೆ ವಾಕರಿಕೆ, ಕಣ್ಣು ಮುಚ್ಚಿದರೆ ಕೆಟ್ಟ ಕನಸು. ಚಹಾ ತಂದ ಅವ್ವನ ಮೇಲೆ ಕಾರಣವಿಲ್ಲದೆ ಹರಿಹಾಯ್ದಳು. ವಾರ ತುಂಬುವ ಮೊದಲೇ ಸೋತು, ಬಚ್ಚಲಿನ ಕಿಟಕಿ ತೆರೆದು ಮತ್ತೆ ಹಚ್ಚಿದಳು.

ಮರುದಿನ ಕೋರ್ಟಿನಲ್ಲಿ ಜೀವನಾಂಶದ ಕೇಸು. ಗಂಡ ಬಿಟ್ಟುಹೋದ ಹೆಂಗಸೊಬ್ಬಳು ಮಗು ಎತ್ತಿಕೊಂಡು ಹಿಂದೆ ಕೂತಿದ್ದಳು. ಅಕ್ಷರಾ ಎದ್ದು ನಿಂತಳು. ನ್ಯಾಯಾಧೀಶರು ಏನೋ ಕೇಳಿದರು. ಉತ್ತರ ಗೊತ್ತಿತ್ತು... ರಾತ್ರಿಯೆಲ್ಲ ಓದಿದ್ದೇ ಅದು. ಆದರೆ ತಲೆಯೊಳಗೆ ಬರೀ ಮಂಜು. ಬಾಯಿ ತೆರೆದಳು, ಮಾತು ಹೊರಡಲಿಲ್ಲ.

ಅವಳ ಸೀನಿಯರ್ ಮೃಣಾಲಿನಿ ಮೇಡಂ ಪಕ್ಕದಿಂದ ಎದ್ದು ಮುಂದಿನ ತಾರೀಖು ಕೇಳಿಕೊಂಡರು.

ಹೊರಗೆ ವರಾಂಡದಲ್ಲಿ ಆ ಹೆಂಗಸು ಅಕ್ಷರಾಳ ಕೈ ಹಿಡಿದು ಮರಾಠಿಯಲ್ಲಿ ಕೇಳಿದಳು, “ತಾಯಿ, ಮೈಗೆ ಹುಷಾರಿಲ್ಲವೇನಮ್ಮ ನಿಂಗೆ?”

ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದರೆ ಅಪ್ಪ, ಅವ್ವ ಇಬ್ಬರೂ ಹಾಲ್‌ನಲ್ಲಿ ಕಾಯುತ್ತಿದ್ದರು. ಟಿ.ವಿ. ಆರಿತ್ತು.

“ಬಾ, ಕುಂದರು,” ಅಂದಳು ಭಾನುಮತಿ. “ಕನ್ಹಾನ್ ಊರಿನ ಆಚೆ ಒಂದು ಕೇಂದ್ರ ಐತಂತ. ಅಲ್ಲಿ ಬಿಡಸತಾರಂತ. ಮೂರು ತಿಂಗಳು ಇದ್ದು ಬಂದ್ರ ಯಾರಿಗೂ ಗೊತ್ತಾಗಂಗಿಲ್ಲ.”

“ಅದಕ್ಕಿಂತ ಹುಬ್ಬಳ್ಳಿಗೆ, ನಮ್ಮಕ್ಕನ ಮನಿಗೆ ಕಳಸೋಣ,” ಅಂದರು ಉಮಾಕಾಂತ. ಸೇನೆಗೆ ಮದ್ದುಗುಂಡು ಮಾಡುವ ಆರ್ಡ್‌ನನ್ಸ್ ಫ್ಯಾಕ್ಟರಿಯಿಂದ ನಿವೃತ್ತರಾದ ಮನುಷ್ಯ. ದನಿ ಎಂದೂ ನಡುಗಿದ್ದಿಲ್ಲ, ಇಂದು ನಡುಗುತ್ತಿತ್ತು. “ಅಲ್ಲೇ ಯಾರರ ಡಾಕ್ಟರಿಗೆ ತೋರಿಸಿದ್ರಾತು.”

ಗೊತ್ತಾಗಿದೆ. ಇಬ್ಬರಿಗೂ ಗೊತ್ತಾಗಿದೆ!

ಯಾರು ಹೇಳಿದರು? ಗೊತ್ತಿದ್ದವನು ಒಬ್ಬನೇ.

ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಗಿರಿಧರನಿಗೆ ಫೋನ್ ಹಚ್ಚಿದಳು.

“ಹೇಳಂಗಿಲ್ಲ ಅಂದಿದ್ರಿ. ಹಿಂದಿಂದ ಹೋಗಿ ಹೇಳಿದ್ರಿ. ನಿಮ್ಮಣ್ಣಗ ಜೀಪ್ ಬಂತು, ನನಗ ಯಾವಾಗ ಕಳಸತೀರಿ?”

“ಅಕ್ಷರಾ, ನಾ ಯಾರಿಗೂ...”

“ಸಾಕು. ಇನ್ನ ಮ್ಯಾಲೆ ಫೋನ್ ಮಾಡಬ್ಯಾಡ್ರಿ.”

ಅವನ ನಂಬರನ್ನು ಬ್ಲಾಕ್ ಮಾಡಿದಳು. ಆಮೇಲೆ ಅತ್ತಳು. ಗುಟ್ಟು ಬಯಲಾದದ್ದಕ್ಕಲ್ಲ... ಬಯಲು ಮಾಡಿದವನು ಅವನು ಎಂಬುದಕ್ಕೆ.

ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಅಡುಗೆಮನೆಯಲ್ಲಿ ಅಕ್ಷರಾಳೇ ಬಾಯಿ ಬಿಟ್ಟಳು.

“ಗಿರಿಧರ ಏನಂತ ಹೇಳಿದ್ರು ನಿನಗ?”

ಕಾಳು ಆರಿಸುತ್ತಿದ್ದ ಭಾನುಮತಿ ತಲೆ ಎತ್ತಿದಳು. “ಯಾವ ಗಿರಿಧರ? ಆ ಹುಡುಗನೇನು? ಅವನಿಗ್ಯಾಕ ಹೇಳಾಕ ಹೋದಿ ಇದನ್ನೆಲ್ಲ?”

“ಮತ್ತ ನಿನಗ ಹೆಂಗ...”

“ನನಗ ಮೂಗಿಲ್ಲೇನು?” ಅವ್ವನ ಕಣ್ಣು ತುಂಬಿತು. “ಪುಣೆಯಿಂದ ಬಂದಾಗಿಂದ ನಿನ್ನ ಬಟ್ಟಿ ಒಗೆಯಾಕ ಹಾಕಾಕಿ ನಾನ. ಕೇಳಿದ್ರ ನೀ ಮನಿ ಬಿಟ್ಟು ಹೋದರ ಏನು ಮಾಡಲಿ ಅಂತ ಸುಮ್ಮನಿದ್ದೆ. ಮೊನ್ನೆ ನಾಲ್ಕು ದಿವಸ ನೀ ಬಿಟ್ಟಿದ್ದಿ, ಹೌದಿಲ್ಲೋ? ನೀ ಬೆವರಿದ್ದು, ಒದ್ದಾಡಿದ್ದು ನೋಡಿದೆ. ಆಮ್ಯಾಲೆ ಬಚ್ಚಲದಾಗ ಮತ್ತ ಅದ ವಾಸನಿ. ಇನ್ನ ತಡಕೊಳ್ಳಾಕ ಆಗಲಿಲ್ಲ. ನಿಮ್ಮಪ್ಪಗ ನಾನ ಹೇಳಿದೆ.”

ಅಕ್ಷರಾ ಅವ್ವನ ಎದುರು ನೆಲದ ಮೇಲೆ ಕೂತಳು. ಅವ್ವ ಇಷ್ಟು ವರ್ಷ ಒಬ್ಬಳೇ ಹೊತ್ತುಕೊಂಡಿದ್ದಳೇ? ಮತ್ತೆ ಗಿರಿಧರ... ಅವನಿಗೆ ತಾನೇನೆಲ್ಲ ಅಂದುಬಿಟ್ಟೆ!

ಫೋನು ಕೈಗೆತ್ತಿಕೊಂಡಳು, ಕೆಳಗಿಟ್ಟಳು. ಈಗ ಅವನ ಕ್ಷಮೆ ಕೇಳಿದರೆ ಅವನು ಬಂದೇ ಬರುತ್ತಾನೆ. ಬಂದರೆ ಕೈ ಹಿಡಿದು ನಡೆಸುತ್ತಾನೆ. ಅದು ಬೇಡ. ಮೊದಲ ಹೆಜ್ಜೆ ತನ್ನದೇ ಆಗಬೇಕು ಅನ್ನಿಸಿತು ಅವಳಿಗೆ.

“ಅವ್ವ, ಕನ್ಹಾನ್‌ಗೆ ಹೋಗಿ ನೋಡ್ಕೊಂಡು ಬರೋಣು ನಡಿ. ಇರಾಕಲ್ಲ. ನೋಡಾಕ.”

ಕೇಂದ್ರ ಊರ ಹೊರಗಿತ್ತು. ಎತ್ತರದ ಗೋಡೆ, ಒಳಗೆ ಅಚ್ಚುಕಟ್ಟಾದ ಆಫೀಸು. ವ್ಯವಸ್ಥಾಪಕ ಜೇನಿನಂಥ ಹಿಂದಿಯಲ್ಲಿ ಮಾತಾಡುತ್ತಿದ್ದ.

“ಇಲ್ಲಿ ಮನೋವೈದ್ಯರು ಯಾರು?” ಅಕ್ಷರಾ ಕೇಳಿದಳು.

“ಬೇಕಾದಾಗ ಕರೆಸುತ್ತೇವೆ ಮೇಡಂ.”

“ಮನೆಯವರು ಯಾವಾಗ ಬಂದು ನೋಡಬಹುದು?”

“ಮೊದಲ ಎರಡು ತಿಂಗಳು ಭೇಟಿ ಇಲ್ಲ, ಫೋನೂ ಇಲ್ಲ. ಮನೆಯವರನ್ನು ನೋಡಿದರೆ ಪೇಷಂಟಿನ ಮನಸ್ಸು ಚಂಚಲ ಆಗುತ್ತದೆ.”

“ನಾನಾಗಿ ಬಂದು ಸೇರಿ, ಆಮೇಲೆ ಹೋಗುತ್ತೇನೆ ಅಂದರೆ?”

ಅವನು ನಕ್ಕ. “ಶುರುವಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ನಾವು ಬಿಡುವುದಿಲ್ಲ.”

ಅಕ್ಷರಾ ಎದ್ದಳು. ಬಹಳ ದಿನಗಳ ಮೇಲೆ ಅವಳ ತಲೆ ಸ್ವಚ್ಛವಾಗಿತ್ತು. “ತಾವಾಗಿ ಸೇರಿದವರನ್ನು ಹಾಗೆ ಹಿಡಿದಿಡಲು ಕಾನೂನಿನಲ್ಲಿ ಬರುವುದಿಲ್ಲ,” ಅಂದಳು. “ನಾನು ವಕೀಲೆ.”

ಅವನ ನಗು ಮಾಯವಾಯಿತು. ಗೇಟು ದಾಟಿದ ಮೇಲೆ ಭಾನುಮತಿ ಮಗಳ ತೋಳು ಹಿಡಿದು ಗಟ್ಟಿಯಾಗಿ ಒತ್ತಿಕೊಂಡಳು. “ಇಂಥಾದ್ರಾಗ ನಿನ್ನ ಬಿಡತಿದ್ದೆ ನಾನು... ನನಗ ತಿಳೀಲಿಲ್ಲ ನೋಡವಾ.”

“ಈಗ ತಿಳೀತಲ್ಲವ್ವ.”

ಆ ಸಂಜೆ ಅಪ್ಪನ ಎದುರು ಕೂತಳು.

“ಹುಬ್ಬಳ್ಳಿ ಬ್ಯಾಡಪ್ಪ. ಅಲ್ಲಿ ಅತ್ತೆಗೂ ಸುಳ್ಳು, ಇಲ್ಲಿ ಕೋರ್ಟಿಗೂ ಸುಳ್ಳು. ಬಿಟ್ಟು ಬಂದು ಮತ್ತ ಇದ ರೂಮಿನಾಗ ಇರಬೇಕಲ್ಲ ನಾನು? ಹಂಗಾದ್ರ ಇಲ್ಲೇ ಬಿಡತೀನಿ. ರಾಮದಾಸಪೇಠ್‌ದಾಗ ಮನೋವೈದ್ಯರು ಅದಾರ.”

“ಯಾರರ ಗುರುತಿನವರು ನೋಡಿದ್ರ?” ಉಮಾಕಾಂತ ದನಿ ತಗ್ಗಿಸಿ ಕೇಳಿದರು.

“ನೋಡಲಿ. ಸಕ್ಕರಿ ಕಾಯಿಲೆಗೆ ನೀ ಹೋಗಂಗಿಲ್ಲೇನು? ಹಂಗ.”

ಮರುದಿನ ಬೆಳಿಗ್ಗೆ ಅವರು ಅವಳಿಗಿಂತ ಮೊದಲೇ ಇಸ್ತ್ರಿ ಅಂಗಿ ತೊಟ್ಟು, ಸ್ಕೂಟರ್ ಒರೆಸುತ್ತ ನಿಂತಿದ್ದರು.

ಡಾಕ್ಟರ್ ನಡುವಯಸ್ಸಿನ ಹೆಂಗಸು. ಮೊದಲು ಕೇಳಿದ್ದು, “ಯಾರು ಕರೆತಂದರು ನಿಮ್ಮನ್ನು?”

“ನಾನೇ ಬಂದೆ. ಅಪ್ಪ ಹೊರಗೆ ಕೂತಿದ್ದಾರೆ.”

“ಒಳ್ಳೆಯದು,” ಎಂದು ಕುರ್ಚಿ ಮುಂದೆಳೆದುಕೊಂಡರು.

ಎಷ್ಟು, ಯಾವಾಗಿನಿಂದ, ಬೇರೇನಾದರೂ ತೆಗೆದುಕೊಳ್ಳುತ್ತೀರಾ, ಇಲ್ಲದ ದನಿ ಕೇಳಿಸುತ್ತದೆಯೇ, ಸಾಯುವ ಯೋಚನೆ ಬರುತ್ತದೆಯೇ... ಒಂದೊಂದೇ ನಿಧಾನವಾಗಿ ಕೇಳಿದರು. ಆಮೇಲೆ ಹೇಳಿದರು, “ನೀವು ಅಡ್ಮಿಟ್ ಆಗಬೇಕಿಲ್ಲ. ಗಾಂಜಾ ಬಿಡುವ ಹೆಚ್ಚಿನವರಿಗೆ ಅದು ಬೇಕಾಗುವುದಿಲ್ಲ. ಮೊದಲ ವಾರ ಕಷ್ಟ. ನಿದ್ದೆಗೆ ಕೆಲವೇ ದಿನ ಮಾತ್ರೆ ಕೊಡುತ್ತೇನೆ, ಮಾತ್ರೆ ಅಮ್ಮನ ಹತ್ತಿರ ಇರಲಿ. ಮಾತ್ರೆಗಿಂತ ಮುಖ್ಯ ಕೌನ್ಸೆಲಿಂಗ್. ಅದನ್ನು ತಿಂಗಳುಗಟ್ಟಲೆ ಮುಂದುವರಿಸಬೇಕು.”

“ಹಿಂದೆ ನಾನೇ ಬಿಟ್ಟಿದ್ದೆ ಡಾಕ್ಟರ್. ನಾಲ್ಕು ದಿನ. ಸೋತೆ.”

“ಸೋಲಲ್ಲ. ಎಲ್ಲಕ್ಕಿಂತ ಕಷ್ಟದ ದಿನಗಳನ್ನು ಒಬ್ಬರೇ ದಾಟಲು ನೋಡಿದಿರಿ. ಈ ಸಲ ನಾವೆಲ್ಲ ಇರುತ್ತೇವೆ.”

ಅಕ್ಷರಾ ಅಂದೇ ಮೃಣಾಲಿನಿ ಮೇಡಂಗೂ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಒಂದಿಷ್ಟು ದಿನ ಕೋರ್ಟಿಗೆ ಬರಬೇಡ. ಆ ಜೀವನಾಂಶದ ಕೇಸು ನಾನು ನಡೆಸುತ್ತೇನೆ. ಪೂರಾ ಗುಣವಾಗಿ ಬಾ,” ಎಂದರು. ದನಿಯಲ್ಲಿ ಬೇಸರವಿತ್ತು. ಆದರೆ “ಬಾ” ಅಂದಿದ್ದರು.

ಎರಡನೆಯ ವಾರ, ಕೌನ್ಸೆಲಿಂಗ್ ಮುಗಿಸಿ ಹೊರಬಂದವಳು ಗಿರಿಧರನ ನಂಬರಿನ ಬ್ಲಾಕ್ ತೆಗೆದು ಫೋನ್ ಮಾಡಿದಳು.

“ನಾನು... ಅಕ್ಷರಾ. ರಾಮದಾಸಪೇಠ್ ಆಸ್ಪತ್ರಿ ಹೊರಗ ಅದೀನಿ. ನಿಮ್ಮನ್ನ ತಪ್ಪು ತಿಳಕೊಂಡಿದ್ದೆ. ಅವ್ವಗ ಮೊದಲ ಗೊತ್ತಿತ್ತು. ಕ್ಷಮಾ ಮಾಡ್ರಿ.”

ಆ ಕಡೆ ರೈಲೊಂದು ಸದ್ದು ಮಾಡುತ್ತ ದಾಟಿಹೋಯಿತು.

“ಅಲ್ಲೇ ನಿಲ್ರಿ,” ಅಂದ.

ಅವನು ಬರುವ ಹೊತ್ತಿಗೆ ಚಹಾದ ಗಾಡಿಯ ಪಕ್ಕದ ಬೇವಿನ ನೆರಳು ರಸ್ತೆಯವರೆಗೆ ಚಾಚಿತ್ತು. ಹಳಿಯ ಕೆಲಸದಿಂದ ನೇರವಾಗಿ ಬಂದಿದ್ದ, ಬೂಟಿನ ತುಂಬ ಧೂಳು. ಅವಳ ಇಳಿದ ಕೆನ್ನೆ, ಕಣ್ಣ ಕೆಳಗಿನ ಕಪ್ಪು ನೋಡಿ ಅವನ ಮುಖ ಮೆತ್ತಗಾಯಿತು.

“ಸಿಟ್ಟು ಬಂದಿತ್ತೇನು?” ಅಕ್ಷರಾ ಕೇಳಿದಳು.

“ಭಾಳ. ಎರಡು ದಿವಸ ಯಾರ ಜೋಡಿನೂ ಚಂದಾಗಿ ಮಾತಾಡಲಿಲ್ಲ.” ಚಹಾದ ಗ್ಲಾಸು ಅವಳ ಕೈಗೆ ಕೊಟ್ಟ. “ಆಮ್ಯಾಲೆ ಹೆದರಿಕಿ ಬಂತು. ಅಣ್ಣನಂಗ ನೀವೂ ದೂರ ಹೋಗಿಬಿಟ್ರ ಅಂತ. ನನಗ ನೀವು ಅಂದ್ರ ಎಷ್ಟು ಜೀವ ಅಂತ ಅವತ್ತ ತಿಳೀತು.”

ಅಕ್ಷರಾ ಗ್ಲಾಸಿನೊಳಗೆ ನೋಡುತ್ತ ನಿಂತಳು. ಈ ಮಾತಿಗಾಗಿ ಎಷ್ಟು ದಿನದಿಂದ ಕಾದಿದ್ದಳು! ಆದರೆ ಹೇಳಬೇಕಾದದ್ದು ಹೇಳಲೇಬೇಕು.

“ನನಗೂ ಅಷ್ಟ ಜೀವ. ಆದ್ರ ನಾ ಪೂರಾ ಬಿಟ್ಟೀನಿ ಅಂತ ಮಾತು ಕೊಡಾಕ ಆಗಂಗಿಲ್ಲ. ಮತ್ತ ಯಾವಾಗಾರ ಸೇದಿಬಿಟ್ರ?”

“ಡಾಕ್ಟರಿಗೆ ಹೇಳ್ರಿ. ನನಗೂ ಹೇಳ್ರಿ. ಮತ್ತ ಶುರು ಮಾಡೋಣು.”

“ಲಗ್ನ ಈಗ ಬ್ಯಾಡ.”

“ಈಗ ಯಾರು ಕೇಳಿದ್ರು?” ಅವನು ನಕ್ಕ. ಅವಳೂ ನಕ್ಕಳು, ಕಣ್ಣೀರಿನ ಜೊತೆಗೇ.

“ಇನ್ನೊಂದು. ನಿಮ್ಮ ಅವ್ವ-ಅಪ್ಪಗ ಇದನ್ನ ನಾನ ಹೇಳತೀನಿ. ಮುಚ್ಚಿಟ್ಟು ಆ ಮನಿ ಒಳಗ ಬರಾಕ ನನಗ ಆಗಂಗಿಲ್ಲ.”

ಗಿರಿಧರನ ನಗು ನಿಂತಿತು. ಮಗನನ್ನು ಕಳೆದುಕೊಂಡಂತೆ ಬದುಕುತ್ತಿದ್ದ ತಾಯಿ ಅವನ ಕಣ್ಣ ಮುಂದೆ ಬಂದಿರಬೇಕು.

“ನಿಮ್ಮ ಅವ್ವ ಏನಂತಾರ?” ಅಕ್ಷರಾ ಅಳುಕುತ್ತ ಕೇಳಿದಳು.

“ಅಳತಾಳ. ಅಣ್ಣನ ಹೆಸರು ತಗೊಂಡು ಭಾಳ ಅಳತಾಳ. ಆಮ್ಯಾಲೆ... ಉಂಡು ಹೋಗವಾ ಅಂತಾಳ.”

“ನನಗಿನ್ನೂ ಊಟ ಸೇರಂಗಿಲ್ಲ.”

“ಅದನ್ನೂ ಹೇಳು,” ಅಂದ.

ಹೇಳ್ರಿ ಅನ್ನಲಿಲ್ಲ. ಹೇಳು ಅಂದ.

ಅವಳು ಖಾಲಿ ಗ್ಲಾಸು ಗಾಡಿಯ ಮೇಲಿಟ್ಟು ಅವನ ಪಕ್ಕ ಬಂದು ನಿಂತಳು.

“ಹೇಳತೀನಿ. ನೀ ನಡಿ, ಮನಿಗೆ ಹೋಗೋಣು.”