ಚಾಪೆ ದೊಡ್ಡದು

"ಫ್ರಿಜ್ ಬಾಗಿಲು ಯಾರೂ ತೆಗೀಬಾರದು," ಅಂದಳು ಅಜ್ಜಿ.

ಮೆನಾ ತೆಗೆಯಲು ಹೊರಟಿರಲಿಲ್ಲ. ತೆಗೆದರೆ ಏನಿದೆ ಅಂತ ಅವಳಿಗೆ ಗೊತ್ತಿತ್ತು. ಒಂದು ನೀರಿನ ಬಾಟಲಿ, ಅರ್ಧ ನಿಂಬೆಹಣ್ಣು, ಮತ್ತು ತಮ್ಮ ಸೆಫೋ ತಣ್ಣಗಿರಲಿ ಅಂತ ಇಟ್ಟಿದ್ದ ಒಂದು ಆಟದ ಕಾರು.

"ಬಂದೋರು ನೀರು ಕೇಳಿದ್ರೆ?"

"ನಲ್ಲಿ ನೀರು ಕೊಡು. ನಗ್ತಾ ಕೊಡು."

ಬರಬೇಕಾಗಿದ್ದವರು ತಾಯಂದಿರ ಸಹಾಯ ಕೇಂದ್ರದ ಗ್ಲೆನಿಸ್. ಸಂಜೆ ನಾಲ್ಕಕ್ಕೆ ಬರುತ್ತೇನೆ ಅಂದಿದ್ದರು. ಈ ಮನೆಗೆ ಸಹಾಯ ಬೇಕೋ ಬೇಡವೋ ಅಂತ ನೋಡುವುದು ಅವರ ಕೆಲಸ. ಅದಕ್ಕೇ ಅಜ್ಜಿ ಬೆಳಗ್ಗೆಯಿಂದ, ಯಾವ ಸಹಾಯವೂ ಬೇಡ ಅಂತ ಕಾಣುವ ಹಾಗೆ ಮನೆಯನ್ನು ಸಜ್ಜು ಮಾಡುತ್ತಿದ್ದಳು.

ಗ್ಲೆನಿಸ್ ಅವರನ್ನು ಕಳಿಸಿದ್ದು ನರ್ಸ್ ಅರೋಹ. ಅಮ್ಮನಿಗೆ ಈಗ ಏಳು ತಿಂಗಳು. ಅಮ್ಮ ಲಾಂಡ್ರಿ ಫ್ಯಾಕ್ಟರಿಯಲ್ಲಿ ಎಂಟು ಗಂಟೆ ನಿಂತು ಆಸ್ಪತ್ರೆಯ ಬೆಡ್‌ಶೀಟ್ ಮಡಿಸುತ್ತಾಳೆ. ಸೋಮವಾರ ಅರೋಹ ಬಂದು ಅಮ್ಮನ ಕಾಲನ್ನು ಬೆರಳಿನಿಂದ ಒತ್ತಿ ನೋಡಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿದಿತ್ತು.

"ಮಲಿಯಾ, ಈ ವಾರ ರಜಾ ಹಾಕು. ಆಮೇಲೂ ನಿಂತು ಕೆಲಸ ಮಾಡಬೇಡ. ಮಾಡಿದ್ರೆ ಪಾಪು ಅವಸರ ಮಾಡಿ ಈಗಲೇ ಬಂದ್ಬಿಡುತ್ತೆ. ಈಗ ಬಂದ್ರೆ ಇಷ್ಟೇ ಇರುತ್ತೆ," ಅಂತ ಎರಡು ಕೈ ಹಿಡಿದು ತೋರಿಸಿದರು. ಒಂದು ಬ್ರೆಡ್‌ನಷ್ಟು.

ಅವರು ಹೋದ ಮೇಲೆ ಮೆನಾ ಅಡುಗೆಮನೆಯಲ್ಲಿದ್ದ ಬ್ರೆಡ್ಡನ್ನು ಎತ್ತಿ ನೋಡಿದಳು. ತುಂಬ ಹಗುರ ಇತ್ತು.

ಅಮ್ಮ ಒಂದು ವಾರ ರಜಾ ಹಾಕಿದಳು. ಬರುವ ಸೋಮವಾರ ಮತ್ತೆ ಹೋಗುತ್ತೇನೆ ಅಂದಳು. ಅಪ್ಪ ತೋಟದಲ್ಲಿ ಸೇಬು ಕೀಳಲು ದೂರದ ಹೇಸ್ಟಿಂಗ್ಸ್‌ಗೆ ಹೋಗಿದ್ದ. ಅಲ್ಲಿ ಮಳೆ. ಮಳೆಯಲ್ಲಿ ಯಾರೂ ಸೇಬು ಕೀಳುವುದಿಲ್ಲ, ಕೀಳದ ಸೇಬಿಗೆ ಯಾರೂ ಸಂಬಳ ಕೊಡುವುದಿಲ್ಲ.

"ಮೆನಾ, ಪಕ್ಕದ ಮನೆಗೆ ಹೋಗಿ ಒಂದು ಕೋಳಿ ಇಸ್ಕೊಂಡು ಬಾ," ಅಂದಳು ಅಜ್ಜಿ. "ಯಾಕೆ ಅಂತ ಹೇಳ್ಬೇಡ. ಮನೆ ವಿಷಯ ಬಾಗಿಲು ದಾಟಬಾರದು."

ಪಕ್ಕದ ಮನೆಯ ಟಾಲೋಸಾಗಾ ಆಂಟಿ ಬಾಗಿಲು ತೆಗೆದರು.

"ಯಾರು ತೀರ್ಕೊಂಡ್ರು?"

"ಯಾರೂ ಇಲ್ಲ ಆಂಟಿ. ಕೋಳಿ ಬೇಕಿತ್ತು."

"ಹಾಗಾದ್ರೆ ಪಾದ್ರಿ ಬರ್ತಿದಾರಾ?"

"ಇಲ್ಲ."

ಆಂಟಿ ಮೆನಾಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಪಾದ್ರಿಗಿಂತ ದೊಡ್ಡೋರಾ?" ಅಂದು ಒಳಗೆ ಹೋಗಿ ಎರಡು ಕೋಳಿ ತಂದುಕೊಟ್ಟರು.

ನಾಲ್ಕು ಗಂಟೆಗೆ ಗ್ಲೆನಿಸ್ ಬಂದರು. ಬಿಳಿ ಕೂದಲು, ಹಸಿರು ಸ್ವೆಟರು, ಕೈಯಲ್ಲಿ ಒಂದು ಫೈಲು. ಬೂಟು ಹಾಕಿಕೊಂಡೇ ಒಳಗೆ ಬಂದು, ಚಾಪೆಯ ಮೇಲೆ ಕೂತಿದ್ದ ಅಜ್ಜಿಯ ಮುಂದೆ ನಿಂತುಬಿಟ್ಟರು. ಹಿರಿಯರು ಕೂತಿರುವಾಗ ಹೀಗೆ ಅವರ ತಲೆಯ ಮೇಲೆ ನಿಲ್ಲುವವರನ್ನು ಮೆನಾ ಈವರೆಗೆ ನೋಡಿರಲಿಲ್ಲ. ಸೆಫೋ ಬಾಯಿ ತೆರೆದ.

"ಮಿಸ್, ಕೂತ್ಕೊಳ್ಳಿ. ಬೇಗ," ಅಂತ ಮೆನಾ ಪಿಸುಗುಟ್ಟಿದಳು.

ಗ್ಲೆನಿಸ್ ಕೂತರು. ಕೂತು, ಎರಡೂ ಕಾಲನ್ನು ಅಜ್ಜಿಯ ಕಡೆಗೆ ಉದ್ದಕ್ಕೆ ಚಾಚಿದರು. ಮೆನಾ ಓಡಿಹೋಗಿ ಒಂದು ಟವೆಲ್ ತಂದು ಆ ಕಾಲುಗಳ ಮೇಲೆ ಹೊದಿಸಿದಳು.

"ಅಯ್ಯೋ, ನನಗೇನೂ ಚಳಿ ಇಲ್ಲ ಪುಟ್ಟಾ," ಅಂದರು ಗ್ಲೆನಿಸ್.

ಊಟ ಬಂತು. ಹುರಿದ ಕೋಳಿ, ಬೇಯಿಸಿದ ಕೆಸುವಿನ ಗಡ್ಡೆ, ತೆಂಗಿನಹಾಲಿನಲ್ಲಿ ಬೆಂದ ಕೆಸುವಿನ ಎಲೆ, ಒಂದು ದೊಡ್ಡ ಲೋಟ ಕೋಕೋ. ಎಲ್ಲವೂ ಗ್ಲೆನಿಸ್ ಒಬ್ಬರಿಗೇ. ಮೆನಾ ಪಕ್ಕದಲ್ಲಿ ಕೂತು ಒಂದು ಪೇಪರಿನಿಂದ ನೊಣ ಓಡಿಸಿದಳು. ನೊಣ ಇರಲಿಲ್ಲ, ಆದರೂ ಓಡಿಸಿದಳು.

"ನೀವ್ಯಾರೂ ತಿನ್ನಲ್ವಾ?"

"ಈಗ ತಾನೆ ಊಟ ಆಯ್ತು," ಅಂದಳು ಅಮ್ಮ.

"ಎಲ್ಲಿ ಆಯ್ತು?" ಅಂತ ಸೆಫೋ ಶುರು ಮಾಡಿದ. ಮೆನಾ ಅವನ ಕಾಲ ಬೆರಳನ್ನು ತುಳಿದಳು.

ಗ್ಲೆನಿಸ್ ಫೈಲಿನಿಂದ ಒಂದು ಹಾಳೆ ತೆಗೆದರು. ಅದರ ತುಂಬ ಚಿಕ್ಕ ಚಿಕ್ಕ ಚೌಕಗಳಿದ್ದವು.

"ಮಲಿಯಾ, ಪಾಪುಗೆ ಮಲಗೋಕೆ ತೊಟ್ಟಿಲು ಇದೆಯಾ?"

"ಇದೆ," ಅಂದಳು ಅಮ್ಮ. ಇರಲಿಲ್ಲ.

"ಕಾರಲ್ಲಿ ಕೂರಿಸೋ ಸೀಟು? ಅದಿಲ್ದೆ ಪಾಪುನ ಕಾರಲ್ಲಿ ಮನೆಗೆ ಕರ್ಕೊಂಡು ಬರೋ ಹಾಗಿಲ್ಲ."

"ಅದೂ ಇದೆ."

"ವಾರಕ್ಕೊಂದು ದಿನಸಿ ಬಾಕ್ಸ್ ಕಳಿಸ್ತೀವಿ. ಬೇಕಾ?"

ಅಜ್ಜಿ ಮಾತಾಡದೆ ಎರಡನೇ ಕೋಳಿಯನ್ನು ಮುಂದಕ್ಕೆ ತಳ್ಳಿದಳು. ಅಜ್ಜಿಗೆ ಇಂಗ್ಲಿಷ್ ಬರುತ್ತದೆ, ಆದರೆ ಅವಳಿಗೆ ಬೇಕಾದಾಗ ಮಾತ್ರ. ಉಳಿದ ಹೊತ್ತು ಮೆನಾ ಸಮೋವನ್ ಭಾಷೆಗೆ ತಿರುಗಿಸಿ ಹೇಳಬೇಕು.

ಗ್ಲೆನಿಸ್ ಇನ್ನೊಂದು ಹಾಳೆ ತೆಗೆದರು. "ಇದು ಮುಖ್ಯ. ನೀವು ಇಷ್ಟು ವರ್ಷ ದುಡಿದಿದೀರಿ. ಈ ಫಾರ್ಮ್ ತುಂಬಿ, ನರ್ಸ್ ಒಂದು ಚೀಟಿ ಬರೆದುಕೊಟ್ರೆ, ನೀವು ಈಗಿಂದಲೇ ಮನೇಲಿರಬಹುದು. ಸರ್ಕಾರದಿಂದ ದುಡ್ಡು ಬರುತ್ತೆ. ಇದು ದಾನ ಅಲ್ಲ, ನಿಮ್ಮ ಹಕ್ಕು."

ಅಮ್ಮ ಫಾರ್ಮನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಜ್ಜಿಯನ್ನು ನೋಡಿದಳು. ಅಜ್ಜಿ ಗೋಡೆ ನೋಡುತ್ತಿದ್ದಳು.

"ಯೋಚನೆ ಮಾಡ್ತೀನಿ," ಅಂದಳು ಅಮ್ಮ.

ಗ್ಲೆನಿಸ್ ಪೆನ್ನಿನಿಂದ ಬೇಡ, ಬೇಡ, ಬೇಡ ಅಂತ ಗುರುತು ಹಾಕುತ್ತಾ ಹೋದರು. "ಒಳ್ಳೇದಾಯ್ತು. ನಿಜ ಹೇಳ್ತೀನಿ, ಈ ತಿಂಗಳು ನಾನು ಹೋದ ಮನೆಗಳಲ್ಲಿ ಇಂಥ ಊಟ ಎಲ್ಲೂ ಸಿಗಲಿಲ್ಲ. ಹಾಗಾದ್ರೆ ಈ ತೊಟ್ಟಿಲು, ಸೀಟು, ಬಾಕ್ಸ್ ಎಲ್ಲ ಕಷ್ಟದಲ್ಲಿರೋರಿಗೆ ಕೊಡ್ತೀನಿ."

ಮೆನಾಗೆ ತನ್ನ ಎರಡು ಕೈಯಲ್ಲಿ ಬ್ರೆಡ್ ಇದ್ದ ಹಾಗೆ ಅನ್ನಿಸಿತು.

ಗ್ಲೆನಿಸ್ ಏಳುವ ಹೊತ್ತಿಗೆ ಅಜ್ಜಿ ಒಳಗೆ ಹೋದಳು. ಬಂದ ಅತಿಥಿಯನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಒಳಗೆ ಎರಡು ಚಾಪೆ ಇದ್ದವು. ಒಂದು ಚಿಕ್ಕದು. ಇನ್ನೊಂದು ದೊಡ್ಡದು. ಸಮುದ್ರದಾಚೆಯ ತಮ್ಮ ಊರಿನಿಂದ ಅತ್ತೆ ಕಳಿಸಿದ ಕೇದಗೆ ಗರಿಯನ್ನು ಸಣ್ಣಗೆ ಸೀಳಿ, ಹುಟ್ಟಲಿರುವ ಪಾಪುಗಾಗಿ ಅಜ್ಜಿ ಮೂರು ತಿಂಗಳು ಕೂತು ಹೆಣೆದದ್ದು.

ಅಜ್ಜಿ ದೊಡ್ಡದನ್ನು ತಂದಳು. ಅಮ್ಮ ಉಸಿರು ಬಿಡುವುದನ್ನೇ ಮರೆತಳು.

"ಅಯ್ಯೋ, ಬೇಡ ಬೇಡ!" ಅಂದರು ಗ್ಲೆನಿಸ್. "ನಮ್ಮ ಆಫೀಸಿನಲ್ಲಿ ಹೀಗೆಲ್ಲ ತಗೊಳ್ಳೋ ಹಾಗಿಲ್ಲ."

ಅಜ್ಜಿ ಒಳಗೆ ಹೋಗಿ ಒಂದು ಡಬ್ಬಿ ಮೀನು ತಂದು ಚಾಪೆಯ ಮೇಲಿಟ್ಟಳು.

"ಇಲ್ಲ, ದಯವಿಟ್ಟು, ನನಗೆ ಆಗಲ್ಲ..."

ಅಜ್ಜಿ ಇನ್ನೊಂದು ಡಬ್ಬಿ ತಂದಳು. ಮನೆಯಲ್ಲಿದ್ದದ್ದೇ ಎರಡು ಡಬ್ಬಿ. ಗ್ಲೆನಿಸ್ ಮತ್ತೆ ಬೇಡ ಅಂದರು. ಅಜ್ಜಿಯ ಕಣ್ಣು ಈಗ ಗೋಡೆ ಗಡಿಯಾರದ ಮೇಲೆ ಬಿತ್ತು.

"ಮಿಸ್, ಹ್ಞೂಂ ಅನ್ನಿ," ಅಂತ ಮೆನಾ ಪಿಸುಗುಟ್ಟಿದಳು. "ಇಲ್ದಿದ್ರೆ ಇದು ನಿಲ್ಲಲ್ಲ. ಈಗ ಗಡಿಯಾರ ಬರುತ್ತೆ, ಆಮೇಲೆ ಟಿವಿ."

ಗ್ಲೆನಿಸ್ ಹ್ಞೂಂ ಅಂದರು.

ಕಾರಿನವರೆಗೆ ಡಬ್ಬಿ ಹೊತ್ತುಕೊಂಡು ಬಂದವಳು ಮೆನಾ. ಗ್ಲೆನಿಸ್ ಚಾಪೆಯನ್ನು ಹಿಂದಿನ ಸೀಟಿನಲ್ಲಿ ಮಗುವನ್ನು ಮಲಗಿಸುವ ಹಾಗೆ ಮಲಗಿಸಿದರು. ಇನ್ನು ಅವರು ಹೊರಟುಬಿಡುತ್ತಾರೆ. ಸೋಮವಾರ ಅಮ್ಮ ಫ್ಯಾಕ್ಟರಿಗೆ ಹೊರಡುತ್ತಾಳೆ.

ಮನೆ ವಿಷಯ ಬಾಗಿಲು ದಾಟಬಾರದು. ಮೆನಾ ಹಿಂತಿರುಗಿ ಬಾಗಿಲನ್ನು ನೋಡಿದಳು. ಆಮೇಲೆ ಚಾಪೆಯನ್ನು ನೋಡಿದಳು. ಚಾಪೆ ಆಗಲೇ ಬಾಗಿಲು ದಾಟಿಯಾಗಿತ್ತು.

"ಮಿಸ್, ನೀವು ಚಾಪೆ ತಗೊಂಡ್ರಲ್ಲ," ಅಂದಳು. "ಹಾಗಾಗಿ ನೀವೂ ವಾಪಸ್ ಏನಾದ್ರೂ ತರಬೇಕು. ಅದು ನಮ್ಮ ರೂಲ್."

"ಹೌದಾ? ನನಗೆ ಗೊತ್ತಿರಲಿಲ್ಲ! ಒಂದು ಕೇಕ್ ತರ್ಲಾ?"

ಮೆನಾ ಗ್ಲೆನಿಸ್ ಅವರ ಕಂಕುಳಲ್ಲಿದ್ದ ಫೈಲನ್ನು ನೋಡಿದಳು. ಬೇರೆ ಎಲ್ಲೂ ನೋಡಲಿಲ್ಲ.

"ಆ ಹಾಳೆಯಲ್ಲಿ ಇರೋದಾದ್ರೂ ಆಗುತ್ತೆ."

ಗ್ಲೆನಿಸ್ ಕಾರಿನ ಬಾಗಿಲು ಹಿಡಿದು ನಿಂತರು. ಮೆನಾಳ ಕೈಯಲ್ಲಿದ್ದ ಮೀನಿನ ಡಬ್ಬಿ ನೋಡಿದರು. ಕಿಟಕಿಯಲ್ಲಿ ಕೋಳಿಯ ಮೂಳೆ ಚೀಪುತ್ತಿದ್ದ ಸೆಫೋನನ್ನು ನೋಡಿದರು.

"ಎಷ್ಟು ಚೌಕ, ಪುಟ್ಟಾ?" ಅಂತ ಮೆಲ್ಲಗೆ ಕೇಳಿದರು.

"ಚಾಪೆ ದೊಡ್ಡದು ಮಿಸ್," ಅಂದಳು ಮೆನಾ.

ಗ್ಲೆನಿಸ್ ತಲೆಯಾಡಿಸಿದರು.

"ಬರುವಾಗ ಬೂಟು ಹೊರಗೆ ಬಿಡಿ. ಕಾಲು ಮಡಚಿ ಕೂತ್ಕೊಳ್ಳಿ. ತಂದಿದ್ದು ತುಂಬ ಚಿಕ್ಕದು, ಕ್ಷಮಿಸಿ, ಅನ್ನಿ."

"ಚಿಕ್ಕದಲ್ಲದಿದ್ರೂ?"

"ಆಗಂತೂ ಹೇಳಲೇಬೇಕು."

ಶನಿವಾರ ಅಮ್ಮ ಫ್ಯಾಕ್ಟರಿ ಯೂನಿಫಾರ್ಮ್‌ಗೆ ಇಸ್ತ್ರಿ ಹಾಕುತ್ತಿದ್ದಳು. ನಡುನಡುವೆ ನಿಂತು ಗೋಡೆ ಹಿಡಿದುಕೊಳ್ಳುತ್ತಿದ್ದಳು. ಹೊರಗೆ ಕಾರು ನಿಂತ ಸದ್ದಾಯಿತು.

ಗ್ಲೆನಿಸ್ ಬೂಟು ಬಿಚ್ಚಿದರು. ಒಂದು ಕಾಲುಚೀಲದ ಹೆಬ್ಬೆರಳ ಹತ್ತಿರ ತೂತಿತ್ತು. ಕಾರಿಗೂ ಮನೆಗೂ ಆರು ಸಲ ಓಡಾಡಿದರು. ಆಮೇಲೆ ಅಜ್ಜಿಯ ಮುಂದೆ ಕಾಲು ಮಡಚಿ ಕೂತರು. ಮಂಡಿಯಲ್ಲಿ ಲಟಕ್ ಅಂತ ಸದ್ದು ಬಂತು. ಅವರ ಹಿಂದೆ ಒಂದು ತೊಟ್ಟಿಲು, ಒಂದು ಕಾರ್ ಸೀಟು, ಡೈಪರಿನ ಮೂರು ಕಟ್ಟು, ಎರಡು ದಿನಸಿ ಬಾಕ್ಸು. ಅವುಗಳ ಮಧ್ಯೆ ಅವರು ಸರಿಯಾಗಿ ಕಾಣಿಸುತ್ತಲೂ ಇರಲಿಲ್ಲ.

"ಚಾಪೆಗೆ ಪ್ರತಿಯಾಗಿ ತಂದಿದ್ದೀನಿ. ತುಂಬ ಚಿಕ್ಕದು," ಅಂದರು. "ಕ್ಷಮಿಸಿ."

ಅಮ್ಮ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಮೆನಾಳ ಕಡೆ ತಿರುಗಿದಳು. "ನೀನೇನಾದ್ರೂ ಹೇಳಿದ್ಯಾ?"

"ಮನೆ ವಿಷಯ ಒಂದೂ ಹೇಳಿಲ್ಲ," ಅಂದಳು ಮೆನಾ. ಅದು ನಿಜವೇ ಆಗಿತ್ತು.

ಎಲ್ಲರೂ ಅಜ್ಜಿಯನ್ನು ನೋಡಿದರು. ಅಜ್ಜಿ ಬೇಡ ಅಂದರೆ ಮುಗಿಯಿತು.

ಅಜ್ಜಿ ಎರಡೂ ಕೈ ಚಾಚಿ ಕಾರ್ ಸೀಟನ್ನು ತೆಗೆದುಕೊಂಡಳು. ಉಡುಗೊರೆಯನ್ನು ತಲೆಗೆ ಮುಟ್ಟಿಸಿಕೊಳ್ಳಬೇಕು. ಸೀಟು ಭಾರ ಇತ್ತು, ಅದರ ಬೆಲ್ಟುಗಳು ಅಜ್ಜಿಯ ಎರಡೂ ಕಿವಿಯ ಮೇಲೆ ಜೋತಾಡಿದವು. ಆದರೂ ಅಜ್ಜಿ ಬಿಡದೆ ಗಟ್ಟಿಯಾಗಿ, ಪಕ್ಕದ ಮನೆಗೂ ಕೇಳುವ ಹಾಗೆ, ಥ್ಯಾಂಕ್ಸ್ ಹೇಳಿದಳು. ಆಮೇಲೆ ಡೈಪರನ್ನೂ ತಲೆಗೆ ಮುಟ್ಟಿಸಿಕೊಂಡಳು.

ಕೊನೆಗೆ ಉಳಿದದ್ದು ಫಾರ್ಮ್.

"ಇದಕ್ಕೆ ಮಾತ್ರ ಮಲಿಯಾ ಸಹಿ ಬೇಕು," ಅಂದರು ಗ್ಲೆನಿಸ್. "ಇಷ್ಟ ಇದ್ರೆ ಮಾತ್ರ."

ಅಜ್ಜಿ ಆ ಕಾಗದವನ್ನೂ ತಲೆಗೆ ಮುಟ್ಟಿಸಿ ಅಮ್ಮನ ಮುಂದಿಟ್ಟಳು.

"ಕೊಟ್ಟಿದ್ದನ್ನ ಬೇಡ ಅನ್ನೋದು ಚೆನ್ನಾಗಿರಲ್ಲ," ಅಂದಳು. ಅಷ್ಟನ್ನೂ ಇಂಗ್ಲಿಷಿನಲ್ಲಿ.

ಅಮ್ಮ ನಕ್ಕಳು. ನಗುವಾಗ ಅವಳ ಕಣ್ಣಲ್ಲಿ ನೀರೂ ಬಂತು. ಗ್ಲೆನಿಸ್ ಪೆನ್ನು ಹುಡುಕಿದರು, ಸಿಗಲಿಲ್ಲ. ಮೆನಾ ತನ್ನ ಸ್ಕೂಲ್ ಬ್ಯಾಗಿನಿಂದ ನೀಲಿ ಪೆನ್ನು ತಂದುಕೊಟ್ಟಳು.

ಸೋಮವಾರ ಮೆನಾ ಶಾಲೆಯಿಂದ ಬಂದಾಗ ಅಮ್ಮನ ಫ್ಯಾಕ್ಟರಿ ಬೂಟು ಬಾಗಿಲ ಹತ್ತಿರವೇ ಇತ್ತು. ಒಂದು ಬೂಟಿನೊಳಗೆ ಸೆಫೋ ತನ್ನ ಕಾರು ಪಾರ್ಕ್ ಮಾಡಿದ್ದ. ಅಮ್ಮ ಎರಡು ದಿಂಬಿನ ಮೇಲೆ ಕಾಲಿಟ್ಟು ಮಲಗಿ, ಎಲ್ಲರಿಗೂ ಅಲ್ಲಿಂದಲೇ ಕೆಲಸ ಹೇಳುತ್ತಿದ್ದಳು.

ಅಜ್ಜಿ ನೆಲದ ಮೇಲೆ ಕೂತು ಹೊಸ ಚಾಪೆ ಶುರು ಮಾಡಿದ್ದಳು.

"ಪಾಪುಗಾ?" ಅಂತ ಕೇಳಿದಳು ಮೆನಾ.

"ಪಾಪುಗೆ. ಆಮೇಲೆ ಆಯಮ್ಮಂಗೆ ಇನ್ನೊಂದು. ಅಷ್ಟೆಲ್ಲ ತಂದುಕೊಟ್ಟಿದಾಳೆ, ಸುಮ್ನೆ ಇರೋಕಾಗುತ್ತಾ?" ಅಜ್ಜಿ ಒಂದು ಗರಿಯನ್ನು ಮಡಿಸಿದಳು. "ಮೊದಲ್ನೇ ಸಲ ಮರದ ದಿಮ್ಮಿ ಥರ ಕೂತಿದ್ಳು. ಎರಡನೇ ಸಲ ಚೆನ್ನಾಗಿ ಕೂತ್ಳು. ಯಾರು ಕಲಿಸಿದ್ರೋ ಏನೋ."

ಮೆನಾ ತನ್ನ ಕಾಲ ಬೆರಳುಗಳನ್ನು ನೋಡಿಕೊಂಡಳು. ಮೂಲೆಯಲ್ಲಿ ಆ ಚಿಕ್ಕ ಚಾಪೆ ಸುತ್ತಿಟ್ಟಲ್ಲೇ ಇತ್ತು.

"ಅಜ್ಜೀ, ಅವತ್ತು ಅದನ್ನೇ ಕೊಡಬಹುದಿತ್ತಲ್ಲ."

ಅಜ್ಜಿ ಗರಿಯನ್ನು ಬಿಗಿಯಾಗಿ ಎಳೆದಳು. ತಲೆ ಎತ್ತಲಿಲ್ಲ.

"ಚಿಕ್ಕದು ಕೊಟ್ಟಿದ್ರೆ?" ಅಂದಳು.

ಮೆನಾ ಯೋಚಿಸಿದಳು. ಚಿಕ್ಕದು ಕೊಟ್ಟಿದ್ದರೆ ಬಹುಶಃ ಒಂದು ಕೇಕ್. ಅವಳು ಅಜ್ಜಿಯ ಮುಖ ನೋಡಿದಳು. ಅಜ್ಜಿ ಚಾಪೆಯನ್ನೇ ನೋಡುತ್ತಿದ್ದಳು, ಅವತ್ತು ಗೋಡೆ ನೋಡುತ್ತಿದ್ದ ಹಾಗೆಯೇ.

ಮೆನಾ ಬ್ಯಾಗ್ ಕೆಳಗಿಟ್ಟು, ಕಾಲು ಮಡಚಿ ಕೂತು, ಚಾಪೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡಳು.

ಅಡುಗೆಮನೆಯಲ್ಲಿ ಸೆಫೋ ಫ್ರಿಜ್ ಬಾಗಿಲು ತೆಗೆದ ಸದ್ದಾಯಿತು. ಯಾರೂ ಬೇಡ ಅನ್ನಲಿಲ್ಲ.