ಮುಖಕ್ಕಿಂತ ಅಗಲವಾದ ಬೋ ಟೈ

"ಅಲುಗಾಡಬೇಡ ಮಾರಾಯ, ಬೋ ಸೊಟ್ಟ ಆಗ್ತದೆ!"

ಕುರ್ಚಿಯ ಮೇಲೆ ನಿಂತು ನೆಲ್ಲಿ ತನ್ನ ಅಣ್ಣ ಲಿಗೋರಿಯನ್ನು ಗದರಿದಳು. ಅವನು ಕಂಬದಂತೆ ನಿಂತನು. ಆ ಸಂಜೆಯೇ ಇಗರ್ಜಿಯಲ್ಲಿ ಅವನ ಮದುವೆ.

ಕಪ್ಪು ಕೋಟನ್ನೂ ಬೋವನ್ನೂ ಹೊಲಿದವರು ಹಂಪನಕಟ್ಟೆಯ ದರ್ಜಿ ಉಮರಬ್ಬ. ಅವರ ಮಗಳು ನಾಝಿಮಾ, ನೆಲ್ಲಿಯ ಸಹಪಾಠಿ. ಕೋಟಿಗೆ ಬೇಕಾದ ಸ್ಯಾಟಿನ್ ಬಟ್ಟೆ ಮುಂಬಯಿಯಿಂದ ತಡವಾಗಿ ಬಂದಿತ್ತು. ಅಷ್ಟರಲ್ಲಿ ಲಿಗೋರಿಯ ರೋಸ್ ಶಾಸ್ತ್ರ ನಡೆದು, ತಲೆಗೆ ತೆಂಗಿನ ಹಾಲು ಬಿದ್ದಾಗಿತ್ತು. ರೋಸ್ ಆದ ಮದುಮಗ ಮದುವೆಯ ತನಕ ಮನೆ ಬಿಟ್ಟು ಹೊರಡುವಂತಿಲ್ಲ. ಆದುದರಿಂದ ಟ್ರಯಲ್ ನೋಡಲು ಅವನು ಅಂಗಡಿಗೆ ಹೋಗಲಿಲ್ಲ. ನಾಝಿಮಾಳ ಕೈಯಲ್ಲಿ ಕೋಟೇ ಫಳ್ನೀರಿನಲ್ಲಿದ್ದ ಮದುಮಗನ ಮನೆಗೆ ಬಂದಿತು.

"ಲಾಯ್ಕ್ ಉಂಟು! ಸಿನೆಮಾದ ಹೀರೋ ಹಾಗೆ!" ಎಂದು ಅಮ್ಮ ಹೆಲನ್‌ಬಾಯಿ ಕೈ ತಟ್ಟಿ, ಅಡುಗೆಮನೆಗೆ ಓಡಿದರು.

ನಾಝಿಮಾಳಿಗೆ ಹಾಗೆ ಕಾಣಲಿಲ್ಲ. ಭುಜ ಸರಿಯಾಗಿತ್ತು, ತೋಳೂ ಸರಿಯಾಗಿತ್ತು. ಅಂಗಡಿಯ ಮರದ ಸ್ಟ್ಯಾಂಡಿನ ಮೇಲೆ ಇದೇ ಕೋಟು ಎಷ್ಟು ಗಂಭೀರವಾಗಿ ಕಂಡಿತ್ತು! ಈಗ ಮಾತ್ರ ಮಗುವೊಂದು ತಂದೆಯ ಕೋಟು ತೊಟ್ಟ ಹಾಗೆ. ಏಕೆ?

"ಎಂತ ಹಾಗೆ ನೋಡ್ತೀ?" ನೆಲ್ಲಿ ಪಿಸುಗುಟ್ಟಿದಳು.

"ನಿನ್ನ ಅಣ್ಣ ಎಲ್ಲಿದ್ದಾನೆ ಅಂತ ಹುಡುಕ್ತಾ ಇದ್ದೇನೆ."

ನೆಲ್ಲಿ ಕಿಸಕ್ಕನೆ ನಕ್ಕಳು. ಆ ಮಾತು ಲಿಗೋರಿಯ ಕಿವಿಗೂ ಬಿದ್ದಿತ್ತು.

"ನನಗೂ ಹಾಗೇ ಅನಿಸ್ತದೆ" ಎಂದನು ಅವನು, ಕನ್ನಡಿಯಿಂದ ಕಣ್ಣು ತೆಗೆಯದೆ. "ಉಮರಬ್ಬ ತಪ್ಪು ಮಾಡುವವರಲ್ಲ. ನನ್ನ ಮುಖವೇ ಇದಕ್ಕೆ ಹೊಂದುವುದಿಲ್ಲವೋ ಏನೋ. ಸಂಜೆ ಎಲ್ಲರೂ ನಗ್ತಾರೆ."

ನೆಲ್ಲಿಯ ನಗು ಮಾಯವಾಯಿತು.

"ಒಂದು ನಿಮಿಷ, ಲಿಗೋರಿಯಣ್ಣ. ನೆಲ್ಲಿ, ಬೋವಿನ ಎರಡು ತುದಿಗಳನ್ನು ಬೆರಳಿನಿಂದ ಮುಚ್ಚಿ ಹಿಡಿ" ಎಂದಳು ನಾಝಿಮಾ. ಅವಳು ತಾನೂ ಇನ್ನೊಂದು ಕುರ್ಚಿ ಹತ್ತಿ, ಕೋಟಿನ ಎದೆಯ ಮೇಲೆ ಹೊರಳಿದ್ದ ಹೊಳೆಯುವ ಪಟ್ಟಿಗಳ ಅಂಚನ್ನು ಒಳಕ್ಕೆ ಮಡಚಿದಳು. ಆ ಪಟ್ಟಿಗೆ ಅವಳ ಉಪ್ಪ, ಅಂದರೆ ತಂದೆ, ಲೇಪಲ್ ಎನ್ನುತ್ತಿದ್ದರು.

ಬೋ ಮುಖದ ಅಂಚಿನೊಳಗೆ ನಿಂತಿತು. ಲೇಪಲ್ ಭುಜದ ಅರ್ಧದಾರಿಯಲ್ಲಿ ನಿಂತಿತು. ಕನ್ನಡಿಯಲ್ಲಿ ಲಿಗೋರಿಯ ಸಣ್ಣ ಮುಖ ಒಮ್ಮೆಲೇ ಮುಂದೆ ಬಂದಂತಾಯಿತು.

"ಸಿಕ್ಕಿದ! ಅಣ್ಣ ಸಿಕ್ಕಿದ!" ನೆಲ್ಲಿ ಕೂಗಿದಳು.

ನಾಝಿಮಾ ಅಂಗಡಿಗೆ ಓಡಿದಳು. ದಾರಿಯಲ್ಲಿ ಅವಳ ಕಾಲು ನಿಧಾನವಾಯಿತು. ಉಪ್ಪನಿಗೆ ಹೇಗೆ ಹೇಳುವುದು? ಅವರ ಹೊಲಿಗೆ ಸರಿಯಿಲ್ಲವೆಂದು ಅವಳು ಇದುವರೆಗೆ ಯಾರ ಬಾಯಿಂದಲೂ ಕೇಳಿರಲಿಲ್ಲ.

ಉಮರಬ್ಬ ಮೆಷಿನಿನ ಮುಂದೆ ಬಾಗಿ, ಮದುಮಗನ ಗೆಳೆಯನ ಕೋಟಿಗೆ ಕೊನೆಯ ಹೊಲಿಗೆ ಹಾಕುತ್ತಿದ್ದರು.

"ಉಪ್ಪಾ, ಬೋ ದೊಡ್ಡದಾಯ್ತು. ಲೇಪಲ್ ಕೂಡ."

"ದೊಡ್ಡದಾ?" ಅವರು ಗೋಡೆಯ ಕಡೆಗೆ ಕೈ ತೋರಿಸಿದರು. ಕೋಟು, ಬೋ ತೊಟ್ಟ ದೊರೆಯೊಬ್ಬನ ಚಿತ್ರವಿದ್ದ ಇಂಗ್ಲಿಷ್ ಪತ್ರಿಕೆಯ ಪುಟವನ್ನು ಅಲ್ಲಿ ಅಂಟಿಸಿದ್ದರು. "ಆ ದೊರೆಯದ್ದು ನೋಡು ಮೋಳೇ" ಎಂದರು ಮಗಳಿಗೆ. "ಹಾಗೇ ಉಂಟಲ್ಲ?"

"ಆ ದೊರೆಯ ಗಲ್ಲವನ್ನೂ ನೋಡಿ ಉಪ್ಪಾ. ಕುಂಬಳಕಾಯಿ ಹಾಗೆ ಉಂಟು. ಲಿಗೋರಿಯಣ್ಣನದ್ದು ನುಗ್ಗೆಕೋಡು."

"ಮದುಮಗನಿಗೆ ಹಾಗೆ ಹೇಳ್ತಾರಾ?" ಎಂದು ಗದರಿದರೂ ಉಮರಬ್ಬ ಎದ್ದು ಚಿತ್ರದ ಮುಂದೆ ನಿಂತರು. ಕನ್ನಡಕವನ್ನು ಹಣೆಗೇರಿಸಿದರು. ದೊರೆಯ ಗಲ್ಲದ ಮೇಲೆ ಬೆರಳಾಡಿಸಿದರು.

"ಭುಜ ಅಳೆದೆ, ತೋಳು ಅಳೆದೆ" ಎಂದರು ಕೊನೆಗೆ. "ಮುಖ ನೋಡಲೇ ಇಲ್ಲ. ಬಾ, ಹೋಗುವ."

ಕತ್ತರಿ, ಸೂಜಿ, ಸೀಮೆಸುಣ್ಣ ಹಿಡಿದು ಅವರು ತಾವೇ ಫಳ್ನೀರಿಗೆ ಬಂದರು. ಲಿಗೋರಿಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಲೇಪಲಿನ ಮೇಲೂ ಬೋವಿನ ತುದಿಗಳ ಮೇಲೂ ಗೆರೆ ಎಳೆದರು.

"ಇಷ್ಟು?"

"ಇನ್ನೂ ಸ್ವಲ್ಪ ಒಳಗೆ" ಎಂದಳು ನಾಝಿಮಾ.

"ಈಗ?"

"ಅಯ್ಯೋ, ಈಗ ಹಗ್ಗದ ಹಾಗೆ ಕಾಣ್ತದೆ!" ಎಂದಳು ನೆಲ್ಲಿ.

ಗೆರೆ ಒಳಗೆ ಹೋಯಿತು, ಹೊರಗೆ ಬಂತು. "ಸಾಕು!" ಎಂದು ಇಬ್ಬರೂ ಒಟ್ಟಿಗೆ ಕೂಗಿದಾಗ ಉಮರಬ್ಬ ಕತ್ತರಿಯನ್ನು ಕೈಗೆತ್ತಿಕೊಂಡರು. ಮಧ್ಯಾಹ್ನ ಕಳೆಯುವವರೆಗೂ ಅವರ ಸೂಜಿ ನಿಲ್ಲಲಿಲ್ಲ.

ಸಂಜೆ ನಾಝಿಮಾ ಉಪ್ಪನ ಜೊತೆ ಇಗರ್ಜಿಯ ಗೇಟಿನ ಬಳಿ ನಿಂತಳು. ಬ್ಯಾಂಡು ಮೊಳಗಿತು. ಮದುಮಕ್ಕಳು ಮೆಟ್ಟಿಲಿಳಿದು ಬಂದರು. ಕೋಟಿನ ಕುರಿತು ಜನ ಏನೆನ್ನುವರೋ ಎಂದು ಅವಳು ಕಿವಿಗೊಟ್ಟಳು.

"ಹುಡುಗನ ಕಣ್ಣು ಥೇಟ್ ತಾಯಿಯದ್ದೇ."

"ಎಷ್ಟು ಸೌಮ್ಯ ಮುಖ!"

ಬೋವಿನ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

"ಉಪ್ಪಾ, ನಿಮ್ಮ ಕೋಟನ್ನು ಯಾರೂ ನೋಡಲೇ ಇಲ್ಲ" ಎಂದಳು ಅವಳು ಮುಖ ಊದಿಸಿಕೊಂಡು.

"ನೀನಾದರೂ ನೋಡು."

ಲಿಗೋರಿ ಹತ್ತಿರ ಬಂದನು. ನಾಝಿಮಾ ಬೋವನ್ನೇ ದಿಟ್ಟಿಸಲು ಹೊರಟಳು. ಕಣ್ಣು ತಾನಾಗಿ ಅವನ ಮುಖಕ್ಕೆ ಏರಿತು. ಹಟದಿಂದ ಮತ್ತೊಮ್ಮೆ ಕೆಳಗಿಳಿಸಿದಳು. ಮತ್ತೆ ಅದು ಮುಖಕ್ಕೇ ಹೋಯಿತು.

ಅವಳು ಊದಿಸಿದ್ದ ಮುಖ ಸಡಿಲಿಸಿ ನಕ್ಕಳು. ಉಪ್ಪನ ಕೈಯೊಳಗೆ ತನ್ನ ಕೈ ಸೇರಿಸಿದಳು.