ಉಪವಾಸದ ಕುಂಡ

"ನನ್ನ ಗಿಡಕ್ಕ ಗೊಬ್ಬರ ಹಾಕಿದವರು ಯಾರ್ರೀ?!"

ಅಮೆರಿಕದ ಜರ್ಮನ್‌ಟೌನಿನ ಲ್ಯಾಬಿನ ಗಾಜಿನಮನೆಯಲ್ಲಿ ಶ್ರೀದೇವಿಯ ಧಾರವಾಡ ಸಿಡಿಯಿತು. ಮೂರು ವಾರ ಕೆಲಸದ ಮೇಲೆ ರಾಲಿ ಎಂಬ ಊರಿಗೆ ಹೋಗಿ ಬಂದಿದ್ದಳಷ್ಟೇ. ಸೊರಗಿರಬೇಕಿದ್ದ ಗಿಡಗಳು ಮದುವೆಯೂಟ ಮಾಡಿದಂತೆ ಮಿನುಗುತ್ತಿದ್ದವು!

ಹೊಸಬನೊಬ್ಬ ಮೆಲ್ಲಗೆ ಕೈಯೆತ್ತಿದ. ಚಿರಂತನ್. ನೀರು ಬಿಡುವ ಸಾಫ್ಟ್‌ವೇರ್ ನೋಡಿಕೊಳ್ಳಲು ಬಂದ ಮೈಸೂರಿನವನು.

"ನಾನೇ... ಕುಂಡದ ಮೇಲೆ ಕನ್ನಡದಲ್ಲಿ 'ಉಪವಾಸ' ಅಂತಿತ್ತು. ಪಾಪ ಅನ್ನಿಸ್ತು. ಊಟ ಹಾಕ್ದೆ."

ಕನ್ನಡ ಓದಲು ಬಾರದವರು ಯಾರೂ ಮುಟ್ಟಿರಲಿಲ್ಲ. ಓದಲು ಬಂದವನೊಬ್ಬನೇ ಕೆಡಿಸಿದ್ದ!

"ಹಸಿದ ಬೇರು ವಾಸನಿ ಬಿಟ್ಟು ಮಣ್ಣಿನ ಶಿಲೀಂಧ್ರಾನ ಕರೀತದ. ಅದು ರಂಜಕ ತಂದುಕೊಡ್ತದ, ಗಿಡ ಸಕ್ಕರಿ ಕೊಡ್ತದ. ಹೊಟ್ಟಿ ತುಂಬಿದ್ರ ಬಾಗಲಾ ಬಂದ್! ಶುಕ್ರವಾರ ತೋರಸಲಿಕ್ಕೆ ಏನೂ ಇಲ್ಲಂದ್ರ ನನ್ನ ಪ್ರಾಜೆಕ್ಟೂ ಬಂದ್!"

"ಬಾಗಲಾ ಬಂದ್..." ಅವಳದೇ ದನಿಯಲ್ಲಿ ಅವನು ಗೊಣಗಿದ.

ನನ್ನ ಮಾತನ್ನೇ ಆಡಿಕೊಳ್ತಾನಾ?! ಅವಳ ಕಣ್ಣು ತುಂಬಿತು.

"ನಡೀರಿ ಹೊರಗ."

ಮರುದಿನ ಅವಳು ಕುಂಡ ಬಿಸಾಡಲಿಲ್ಲ. ಬೇರು ತೊಳೆದು ಕುದಿಸಿ, ಒಳಗೆ ಶಿಲೀಂಧ್ರವಿದ್ದರೆ ನೀಲಿಯಾಗಿ ಕಾಣಲೆಂದು ಶಾಯಿ-ವಿನೆಗರ್‌ನಲ್ಲಿ ಅದ್ದತೊಡಗಿದಳು. ಬಿಟ್ಟುಕೊಡೋದಿಲ್ಲ!

ಬಾಗಿಲಲ್ಲಿ ಚಿರಂತನ್.

"ಅಣಕಿಸ್ಲಿಲ್ಲ ಕಣ್ರೀ. ಯಾರ ಮಾತಾದ್ರೂ ಅವರ ದನಿಯಲ್ಲೇ ನೆನಪಿಟ್ಕೊಳ್ಳೋದು ನಾನು. ನಮ್ಮ ಪಕ್ಕದ್ಮನೆ ಅಲಮೇಲು ಆಂಟಿ ಹೇಳ್ಕೊಟ್ಟ ಸಾರನ್ನೂ ಅವರ ದನಿಯಲ್ಲೇ ಕುದಿಸ್ತೀನಿ!"

ಅವಳು ನಗು ನುಂಗಿದಳು.

"ಒಂದು ಡೌಟು... ಬಾಗಿಲು ಹಾಕೋದು ಯಾರು?"

"ಒಂದು ಜೀನು. ಅರ್ಧದಷ್ಟು ಕುಂಡಗಳಾಗ ಅದನ್ನ ಕೆಲಸ ಮಾಡದ್ಹಂಗ..." ಅವಳು ತಟ್ಟನೆ ನಿಂತಳು. ಹಸಿದ ಗಿಡ ಹೇಗೂ ಬಾಗಿಲು ತೆರೆದೇ ಇಡುತ್ತದೆ. ಕಾವಲುಗಾರ ಯಾರೆಂದು ಗೊತ್ತಾಗುವುದು ಉಂಡ ಗಿಡದಲ್ಲಿ ಮಾತ್ರ!

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಮಾಮೂಲಿ ಬೇರು ಖಾಲಿ. ಜೀನು ಕೆಡಿಸಿದ ಬೇರಿನ ತುಂಬ ಶಿಲೀಂಧ್ರದ ಪುಟ್ಟ ಪುಟ್ಟ ನೀಲಿ ಮರಗಳು! ಹೊಟ್ಟೆ ತುಂಬಿದ್ದರೂ ಬಾಗಿಲು ತೆರೆದೇ ಇತ್ತು!

ಮತ್ತೆ ಬೆಳೆಸಿ ನೋಡಬೇಕು, ಸರಿ. ಆದರೆ ಶುಕ್ರವಾರ ಪ್ರಾಜೆಕ್ಟ್ ಉಳಿಯಿತು.

ಆ ಸಂಜೆ ಅವಳು ಕುಂಡದ 'ಉಪವಾಸ'ದ ಚೀಟಿ ಕಿತ್ತು, ತನ್ನ ಕೋಟಿಗೇ ಅಂಟಿಸಿಕೊಂಡು ಅವನೆದುರು ನಿಂತಳು.

"ಓದಲಿಕ್ಕೆ ಬರ್ತದಲ್ಲ?"

ಅವನು ಸಾರನ್ನದ ಡಬ್ಬಿ ತೆರೆದು ಅವಳತ್ತ ಚಾಚಿದ. "ಬರುತ್ತೆ... ಈ ಸಲ ಪಾಪ ಅನ್ನಿಸ್ತಿಲ್ಲ. ಪ್ರೀತಿ ಅನ್ನಿಸ್ತಿದೆ."

"ನಿಮ್ಮ ಊರು ಬ್ಯಾರೆ, ನಮ್ಮ ಊರು ಬ್ಯಾರೆ..."

"ಬೇರೆ ಅಲ್ಲ ಕಣ್ರೀ, ಒಂದೇ ಬೇರು!"

ಅವಳು ನಕ್ಕೇಬಿಟ್ಟಳು.

"ಬಾಗಲಾ ಬಂದ್ ಏನ್ರೀ?" ಧಾರವಾಡದ ದನಿಯಲ್ಲಿ ಅವನು ಕೇಳಿದ.

"ತೆಗ್ದಿದೆ ಕಣ್ರೀ..." ಅಪ್ಪಟ ಮೈಸೂರಿನಲ್ಲಿ ಅವಳೆಂದಳು, "ಒಳಗೆ ಬನ್ನಿ."